ಕೋರ್ಟಿನ ಪಟ್ಟಿಯಲ್ಲಿ ಅಪ್ಪನ ಹೆಸರು

ಕಳೆದ ವಾರ ಇಲ್ಲಿ ಅಮೆರಿಕದ ಶ್ರೂಸ್‌ಬರಿಯಲ್ಲಿ ಬಾಡಿಗೆ ಮನೆಯೊಂದರ ಅರ್ಜಿ ತುಂಬುತ್ತಿದ್ದೆ. ಮೂರನೆಯ ಪುಟದಲ್ಲಿ ಆ ಪ್ರಶ್ನೆ ಬಂತು: ಈ ಮೊದಲು ನಿಮ್ಮ ಮೇಲೆ ಮನೆ ಖಾಲಿ ಮಾಡಿಸುವ ದಾವೆ ಹೂಡಲಾಗಿತ್ತೇ? ಈ ಸಾಲು ಕಂಡಾಗಲೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು. ಈ ಸಲ ಅರ್ಜಿಯಲ್ಲಿ ಇನ್ನೊಂದು ವಾಕ್ಯವೂ ಅಚ್ಚಾಗಿತ್ತು. ನ್ಯಾಯಾಲಯ ಮೊಹರು ಹಾಕಿ ಮುಚ್ಚಿದ ದಾಖಲೆಯ ವಿಚಾರದಲ್ಲಿ ಅರ್ಜಿದಾರರು 'ದಾಖಲೆ ಇಲ್ಲ' ಎಂದು ಉತ್ತರಿಸಬಹುದು. ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನೇ ಬರೆಸಿದ ವಾಕ್ಯ ಅದು. ಹೆಂಡತಿಯನ್ನು ಕರೆದು ತೋರಿಸಿದೆ. ಇಬ್ಬರೂ ಎರಡೆರಡು ಸಲ ಓದಿದೆವು.

ನಮ್ಮದು 2019ರ ಕಥೆ. ನಾವಿದ್ದ ಮನೆ ಮಾರಾಟವಾಯಿತು, ಕೊಂಡವರಿಗೆ ಖಾಲಿ ಮನೆ ಬೇಕಿತ್ತು. ಮಗಳ ಶಾಲೆ ಮುಗಿಯುವವರೆಗೆ ಮೂರು ವಾರ ಕೊಡಿ ಎಂದು ಕೇಳಿದೆವು, ಉತ್ತರವಾಗಿ ಸಮನ್ಸ್ ಬಂತು. ಬಾಡಿಗೆ ಒಂದು ಡಾಲರ್ ಕೂಡ ಬಾಕಿ ಇರಲಿಲ್ಲ. ವೂಸ್ಟರ್‌ನ ಹೌಸಿಂಗ್ ಕೋರ್ಟಿನಲ್ಲಿ ಸಿಬ್ಬಂದಿಯೊಬ್ಬರು ಎರಡೂ ಕಡೆಯವರನ್ನು ಕೂರಿಸಿಕೊಂಡು ಅರ್ಧ ಗಂಟೆಯಲ್ಲಿ ರಾಜಿ ಮಾಡಿಸಿದರು. ಹೇಳಿದ ದಿನಕ್ಕೆ ಮನೆ ಬಿಟ್ಟೆವು, ದಾವೆ ವಜಾ ಆಯಿತು.

ಮೂರು ವರ್ಷ ಕಳೆದ ಮೇಲೆ ಸ್ವಲ್ಪ ದೊಡ್ಡ ಮನೆಗೆ ಅರ್ಜಿ ಹಾಕಿದಾಗ ಒಂದು ಪುಟದ ಕಾಗದ ಬಂತು. ಬಾಡಿಗೆದಾರರ ಪೂರ್ವಾಪರ ತನಿಖೆ ಮಾಡಿಕೊಡುವ ಕಂಪನಿಯ ವರದಿಯ ಮೇರೆಗೆ ನಿಮ್ಮ ಅರ್ಜಿ ತಿರಸ್ಕೃತವಾಗಿದೆ, 60 ದಿನಗಳೊಳಗೆ ಕೇಳಿದರೆ ವರದಿಯ ಪ್ರತಿ ಉಚಿತ. ತರಿಸಿ ನೋಡಿದೆ. ನಾಲ್ಕೇ ಸಾಲು. ಫಿರ್ಯಾದಿ, ಪ್ರತಿವಾದಿ, ದಾವೆ ಸಂಖ್ಯೆ, ತಾರೀಖು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತಲ್ಲ, ಅಂದಿನಿಂದ ಅಪ್ಪನ ಹೆಸರೇ ನನ್ನ ಕೊನೆಯ ಹೆಸರು. ಇಲ್ಲಿಯ ಪಟ್ಟಿಗಳಲ್ಲಿ ಕೊನೆಯ ಹೆಸರು ಮೊದಲು ಬರುತ್ತದೆ. ಹಾಗಾಗಿ 'ಪ್ರತಿವಾದಿ' ಎಂಬ ಪದದ ಎದುರು ದಪ್ಪ ಅಕ್ಷರಗಳಲ್ಲಿ ಮೊದಲು ಕಂಡದ್ದು ಅಪ್ಪನ ಹೆಸರು. ಅಮೆರಿಕದ ನೆಲವನ್ನೇ ಮೆಟ್ಟದ ಮನುಷ್ಯ ಅವರು. ತಿದ್ದಿ ಎಂದು ಕಂಪನಿಗೆ ಬರೆದೆ. ಪರಿಶೀಲಿಸಿದ್ದೇವೆ, ಮಾಹಿತಿ ಸರಿಯಾಗಿದೆ ಎಂದು ಉತ್ತರ ಬಂತು. ಸರಿಯಾಗಿಯೇ ಇತ್ತು. ದಾವೆ ಹೂಡಿದ್ದು ನಿಜ ತಾನೆ? ಯಾಕೆ ಹೂಡಿದರು, ಯಾರ ತಪ್ಪು, ಏನಾಗಿ ಮುಗಿಯಿತು ಎನ್ನುವುದಕ್ಕೆ ಆ ನಾಲ್ಕು ಸಾಲುಗಳಲ್ಲಿ ಜಾಗವೇ ಇರಲಿಲ್ಲ.

ಆ ರಾತ್ರಿ ನನಗೆ ಮೈಸೂರಿನ ಸರಸ್ವತಿಪುರಂ ನೆನಪಾಯಿತು. ಅಪ್ಪನ ಅಗರಬತ್ತಿ ಕಾರ್ಖಾನೆಗೆ ಬೀಗ ಬಿದ್ದ ವರ್ಷ ನಾವು ಮೂರು ತಿಂಗಳ ಬಾಡಿಗೆ ನಿಲ್ಲಿಸಿಕೊಂಡಿದ್ದೆವು. ಮನೆ ಮಾಲೀಕರು ಬಾಗಿಲಲ್ಲೇ ನಿಂತು, ನನಗೂ ಸಂಸಾರವಿದೆ ರಾಯರೇ, ಯುಗಾದಿಯೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದಿದ್ದರು. ಅಮ್ಮ ಅತ್ತಿದ್ದಳು. ಆದರೆ ಕುವೆಂಪುನಗರದ ಹೊಸ ಮಾಲೀಕರು ವಿಚಾರಿಸಲು ಹೋದದ್ದು ಅದೇ ಹಳೆಯ ಮಾಲೀಕರ ಬಳಿ. ಅವರು ಅಂದು ಆಡಿದ ಮಾತನ್ನು ಅಮ್ಮ ಇವತ್ತಿಗೂ ಹೇಳುತ್ತಾಳೆ. 'ಬಾಕಿ ಉಳಿದದ್ದು ಹೌದು, ಸುಳ್ಳು ಯಾಕೆ ಹೇಳಲಿ. ಕಾರ್ಖಾನೆ ಮುಚ್ಚಿತು, ಅವರೇನು ಮಾಡಿಯಾರು? ಮನುಷ್ಯ ಬಂಗಾರ.' ಮುಂದಿನ ಸಂಕ್ರಾಂತಿಗೆ ಅವರ ಮಗಳು ಎಳ್ಳು ಬೀರಲು ನಮ್ಮ ಹೊಸ ಮನೆಗೂ ಬಂದಳು.

ನಿಜವಾಗಿ ಬಾಡಿಗೆ ಬಾಕಿ ಉಳಿಸಿದ ಅಪ್ಪನಿಗೆ ಮನೆ ಸಿಕ್ಕಿತು. ಒಂದು ದಿನವೂ ತಡಮಾಡದ ನನಗೆ ಸಿಗಲಿಲ್ಲ. ಹಳೆಯ ಮಾಲೀಕರ ಫೋನ್ ನಂಬರ್ ಕೊಡುತ್ತೇನೆ, ಒಂದು ಮಾತು ಕೇಳಿ ನೋಡಿ ಎಂದು ಬಾಡಿಗೆ ಕಚೇರಿಯ ಹುಡುಗಿಯನ್ನು ಬೇಡಿಕೊಂಡೆ. ಅವಳಿಗೆ ಕನಿಕರವಿತ್ತು, ಅಧಿಕಾರವಿರಲಿಲ್ಲ. ಅಂಥವಳ ಎದುರು ನಿಂತಾಗ ಊರಿನ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಾ ಕುಳಿತ ಮಾಲೀಕರೇ ಸಾವಿರ ಪಾಲು ಮೇಲು ಎನಿಸುತ್ತದೆ. ಬೈದರೂ ಮುಖ ನೋಡಿ ಬೈಯುತ್ತಾರೆ.

ಇದು ನನ್ನೊಬ್ಬನ ಪಾಡಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್ ಅಂದಾಜಿನಂತೆ ಕೋವಿಡ್‌ಗೆ ಮುಂಚೆ ಈ ದೇಶದಲ್ಲಿ ವರ್ಷಕ್ಕೆ ಸುಮಾರು 36 ಲಕ್ಷ ಇಂಥ ದಾವೆಗಳು ದಾಖಲಾಗುತ್ತಿದ್ದವು. ಕೇಂದ್ರದ ಕಾನೂನಿನಡಿ ಏಳು ವರ್ಷಗಳವರೆಗೆ ಅವು ಇಂಥ ವರದಿಗಳಲ್ಲಿ ಕಾಣಿಸಿಕೊಳ್ಳಬಹುದು, ಗೆದ್ದವರದ್ದೂ, ಸೋತವರದ್ದೂ.

ನಮ್ಮ ರಾಜ್ಯದಲ್ಲಿ ಬಾಗಿಲು ತೆರೆದದ್ದು ತಡವಾಗಿ. ರಾಜ್ಯಪಾಲೆ ಮೌರಾ ಹೀಲಿ 2024ರ ಆಗಸ್ಟ್‌ನಲ್ಲಿ ಸಹಿ ಹಾಕಿದ ವಸತಿ ಕಾನೂನಿನ ಈ ಭಾಗ 2025ರ ಮೇ 5ರಂದು ಜಾರಿಗೆ ಬಂತು. ಬಾಡಿಗೆದಾರರ ತಪ್ಪಿಲ್ಲದ ದಾವೆಯಾದರೆ ಅದು ಮುಗಿದ ಮೇಲೆ ಯಾವಾಗ ಬೇಕಾದರೂ ದಾಖಲೆ ಮುಚ್ಚಿಸಿಕೊಳ್ಳಲು ಅರ್ಜಿ ಕೊಡಬಹುದು. ಬಾಡಿಗೆ ಬಾಕಿಯದ್ದಾದರೆ ನಾಲ್ಕು ವರ್ಷ ಕಾಯಬೇಕು, ಇಲ್ಲವೇ ತೀರ್ಪಿನ ಹಣ ತೀರಿಸಿರಬೇಕು. ತಪ್ಪು ಮಾಡಿ ಖಾಲಿ ಮಾಡಿದವರಿಗೆ ಏಳು ವರ್ಷ. ಮುಚ್ಚಿದ್ದನ್ನು ತನಿಖಾ ಕಂಪನಿಗಳು ವರದಿಯಲ್ಲಿ ಸೇರಿಸುವಂತಿಲ್ಲ. ಜೂನ್‌ನಲ್ಲಿ ರಜೆ ಹಾಕಿ ವೂಸ್ಟರ್‌ಗೆ ಹೋದೆ. ಶುಲ್ಕವಿರಲಿಲ್ಲ. ಕಿಟಕಿಯ ಆಚೆಗಿದ್ದ ಹಿರಿಯ ಗುಮಾಸ್ತೆ ನನ್ನ ಉದ್ದದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ, ಹೆಂಡತಿಯ ಹೆಸರೂ ದಾವೆಯಲ್ಲಿದೆ, ಅವರ ಸಹಿಯೂ ಬೇಕಲ್ಲ ಎಂದು ತಾವಾಗಿಯೇ ನೆನಪಿಸಿದರು. ಆದೇಶ ಕೈಗೆ ಬಂದ ದಿನ ಕೋರ್ಟಿನ ತಾಣದಲ್ಲಿ ಅಪ್ಪನ ಹೆಸರು ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಮತ್ತೊಮ್ಮೆ ಹುಡುಕಿದೆ.

ನೊಂದವನೇ ರಜೆ ಹಾಕಿ ಹೋಗಿ ಕೇಳಬೇಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ದಾವೆ ಹೂಡಿದಾಗಲೇ ಕಡತ ಸಾರ್ವಜನಿಕರಿಗೆ ಮುಚ್ಚಿರುತ್ತದೆ, ಸಾಮಾನ್ಯವಾಗಿ 60 ದಿನಗಳೊಳಗೆ ಮಾಲೀಕರು ಗೆದ್ದರೆ ಮಾತ್ರ ತೆರೆಯುತ್ತದೆ. ಅದು ನ್ಯಾಯ.

ಊರಿನ ಜಗಲಿಯನ್ನು ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳದೆ ವಿಧಿಯಿಲ್ಲ. ಇದನ್ನೆಲ್ಲ ಕಾಲೇಜಿನ ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಅವನು ಮುಸ್ಲಿಂ, ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಮದುವೆಯಾದ ಹೊಸದರಲ್ಲಿ ಜಯನಗರ, ಬನಶಂಕರಿಗಳಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೈಯಲ್ಲಿ ಹಿಡಿದು ಅಲೆದವನು. ಟು-ಲೆಟ್ ಬೋರ್ಡ್ ತೂಗುತ್ತಲೇ ಇರುತ್ತಿತ್ತು. ಹೆಸರು ಕೇಳಿದ ಕೂಡಲೇ, ಅಯ್ಯೋ, ನಿನ್ನೆಯೇ ಕೊಟ್ಟುಬಿಟ್ಟೆವಲ್ಲ ಎನ್ನುತ್ತಿದ್ದರು. ಅದೆಲ್ಲ ಎಲ್ಲೂ ದಾಖಲಾಗಲಿಲ್ಲ, ಹಾಗಾಗಿ ಯಾವ ಕಿಟಕಿಗೂ ಹೋಗಿ ಅಳಿಸಿ ಎಂದು ಕೇಳುವಂತಿರಲಿಲ್ಲ. ಮುಖ ನೋಡಿ ಮಾತಾಡುತ್ತಾರೆ ಎಂದು ನಾನು ಮೆಚ್ಚಿಕೊಂಡ ಜಗಲಿ ಅವನನ್ನು ಮುಖ ನೋಡಿಯೇ ವಾಪಸ್ ಕಳಿಸಿತ್ತು. ಸರಸ್ವತಿಪುರಂನ ಮಾಲೀಕರು ಅಪ್ಪನ ಹೆಸರಿನ ಬದಲು ಅವನ ಅಪ್ಪನ ಹೆಸರು ಕೇಳಿದ್ದರೆ ಬಂಗಾರ ಎನ್ನುತ್ತಿದ್ದರೇ? ಗೊತ್ತಿಲ್ಲ. ಆ ಮನೆಯನ್ನು ಅವನಿಗೆ ಕೊಡುತ್ತಲೇ ಇರಲಿಲ್ಲವೇನೋ.

ಭಾರತದ ನ್ಯಾಯಾಲಯಗಳ ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕುವ ಸೌಲಭ್ಯ ಈಗ ಊರಿನಲ್ಲೂ ಇದೆ. ಹೆಸರು ಕೇಳುವ ಚಾಳಿಯ ಜೊತೆಗೆ ಅದನ್ನು ಹುಡುಕಿ ನೋಡುವ ಚಾಳಿಯೂ ಸೇರಿಕೊಂಡರೆ ಏನು ಗತಿ ಎಂದು ಗೆಳೆಯ ಕೇಳಿದ. ನನಗೂ ಅದೇ ಭಯ.

ಅರ್ಜಿಯಲ್ಲಿ 'ದಾಖಲೆ ಇಲ್ಲ' ಎಂದು ಬರೆದು ಕಳಿಸಿದೆವು. ಶುಕ್ರವಾರ ಒಪ್ಪಿಗೆ ಬಂತು. ಅಮ್ಮನಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು, ಹಾಲು ಯಾವತ್ತು ಉಕ್ಕಿಸುತ್ತೀರಿ?