ಮಾಲೆಗೆ ಹೋಗುವವರಿಗೆ ಇನ್ನಷ್ಟು ವಿವರ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಕುರಿತು ನಾನು ಓದಿದ ಲೇಖನವೊಂದು ಉಪಯುಕ್ತವಾಗಿದೆ. ಆದರೆ ವಿಮಾನ ನಿಲ್ದಾಣದಿಂದ ನಗರಕ್ಕೆ ದೋಣಿಯೊಂದೇ ದಾರಿ ಎಂಬ ಅದರ ಮಾತು ಹಳೆಯದಾಯಿತು. ನಿಲ್ದಾಣವಿರುವ ಹುಳುಲೆ ದ್ವೀಪವನ್ನು ಮಾಲೆಗೆ ಜೋಡಿಸುವ ಸಿನಮಾಲೆ ಸೇತುವೆ 2018ರಲ್ಲಿ ತೆರೆದ ಮೇಲೆ ಬಸ್ಸು, ಟ್ಯಾಕ್ಸಿಗಳೂ ಓಡಾಡುತ್ತಿವೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ವೇಳೆ ಅಂಗಡಿ, ಹೋಟೆಲುಗಳು ಮುಚ್ಚುವುದರಿಂದಲೂ, ಅಂದು ದೂರದ ದ್ವೀಪಗಳ ಹಲವು ಸಾರ್ವಜನಿಕ ದೋಣಿಗಳು ಇರುವುದಿಲ್ಲವಾದ್ದರಿಂದಲೂ, ಆ ದಿನ ಮಾಲೆಯಲ್ಲಿ ಇಳಿಯುವಂತೆ ಟಿಕೆಟ್ ಮಾಡಿಸದಿರುವುದು ಒಳ್ಳೆಯದು.

ನಮ್ಮವರು ಮರೆಯುವ ಸಂಗತಿಯೊಂದಿದೆ: ಮದ್ಯದಂತೆಯೇ ಪೂಜಾವಿಗ್ರಹಗಳನ್ನೂ ಆ ದೇಶದೊಳಕ್ಕೆ ಒಯ್ಯುವಂತಿಲ್ಲ, ಆದ್ದರಿಂದ ಕೈಚೀಲದ ಮೂಲೆಯಲ್ಲಿ ಸದಾ ಇರುವ ಪುಟ್ಟ ಗಣಪತಿಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಇನ್ನು ಸಸ್ಯಾಹಾರಿಗಳ ಪಾಡು. ಚಹಾದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಬೋಂಡಾದಂತೆಯೇ ದುಂಡಗೆ, ಕೆಂಪಗೆ ಕಾಣುವ ಗುಳ್ಹ ಎಂಬ ತಿಂಡಿಯನ್ನು ಮುರಿದರೆ ಒಳಗೆ ಇರುವುದು ತೆಂಗಿನತುರಿಯೊಂದಿಗೆ ಕಲಸಿದ ಟ್ಯೂನಾ ಮೀನು. ಬೆಳಗಿನ ತಿಂಡಿಯಾದ ಮಾಸ್ ಹುನಿಯೂ ಮೀನಿನದೇ. ಕೇಳದೆ ಬಾಯಿಗಿಡಬಾರದು.

ಊರು ಚಿಕ್ಕದು, ನಡೆದೇ ನೋಡಬಹುದು. 1658ರಲ್ಲಿ ಹವಳದ ಕಲ್ಲಿನಲ್ಲಿ ಕಟ್ಟಿದ ಹುಕುರು ಮಿಸ್ಕಿ ಎಂಬ ಹಳೆಯ ಮಸೀದಿಯ ಗೋಡೆಯ ಕೆತ್ತನೆಯನ್ನು ಹತ್ತಿರದಿಂದ ನೋಡಲು ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು ಹೋಗಬೇಕು.