ಉಳಿದ ತೊಂಬತ್ತೇಳೂವರೆ ಮೀಟರ್

ಒಲಿಂಪಿಕ್ ದೂರದ ಟ್ರಯಥ್ಲಾನ್ ಎಂದರೆ 1.5 ಕಿ.ಮೀ. ಈಜಿ, ಮೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ 40 ಕಿ.ಮೀ. ಸೈಕಲ್ ತುಳಿದು, ಇಳಿದ ಕಾಲಲ್ಲೇ 10 ಕಿ.ಮೀ. ಓಡುವ ಸ್ಪರ್ಧೆ. ನಲವತ್ತೈದು ದಾಟಿದ ಮೇಲೆ ಇಂಥದ್ದಕ್ಕೆ ಹೆಸರು ಕೊಟ್ಟ ನಾನು, ಸರಸ್ವತೀಪುರಂ ಈಜುಕೊಳದಲ್ಲಿ ನೀರು ಕುಡಿಯುವುದನ್ನೂ ರಿಂಗ್ ರಸ್ತೆಯಲ್ಲಿ ಚೈನ್ ಕಳಚಿಕೊಂಡು ನಿಲ್ಲುವುದನ್ನೂ ತಕ್ಕಮಟ್ಟಿಗೆ ರೂಢಿಸಿಕೊಂಡಿದ್ದೆ. ಓಟದ ಅಭ್ಯಾಸವೇ ಹಿಂದೆ ಬಿದ್ದಿತ್ತು. ಅದೇ ಹೊತ್ತಿಗೆ ಹಳ್ಳಿಶಾಲೆಯೊಂದರ ಗ್ರಂಥಾಲಯಕ್ಕಾಗಿ ಮೈಸೂರಿನಲ್ಲಿ ಹಾಫ್ ಮ್ಯಾರಥಾನ್, ಅಂದರೆ ಸುಮಾರು 21 ಕಿ.ಮೀ. ಓಟ, ಏರ್ಪಾಡಾಯಿತು. ಓಟಗಾರರು ಬಂಧುಮಿತ್ರರಿಂದ ಕಿಲೋಮೀಟರಿಗೆ ಇಷ್ಟೆಂದು ದೇಣಿಗೆ ಬರೆಸಿಕೊಂಡು ಬರಬೇಕಿತ್ತು.

ಬರೀ ಅಭ್ಯಾಸದ ಓಟವಾದರೆ ಸುಸ್ತಾದಲ್ಲಿ ನಿಲ್ಲಿಸಿ ಕಾಫಿ ಕುಡಿಯಬಹುದು. ದೇಣಿಗೆಯ ಪಟ್ಟಿ ಜೇಬಿಗೆ ಬಿದ್ದ ಮೇಲೆ ನಮ್ಮ ಮೊಣಕಾಲಿನ ಮೇಲೆ ನೆಂಟರಿಷ್ಟರಿಗೆಲ್ಲ ಹಕ್ಕು ಬಂದುಬಿಡುತ್ತದೆ. ಬ್ಯಾಂಕಿನ ಲೆಕ್ಕಪರಿಶೋಧಕರಾಗಿ ನಿವೃತ್ತರಾದ ನನ್ನ ಸೋದರಮಾವ ಕಿಲೋಮೀಟರಿಗೆ 50 ರೂಪಾಯಿ ಬರೆದು, "ಪೂರ್ತಿ ಓಡಿದರೆ ಮಾತ್ರ ಕಣಪ್ಪಾ, ಆಟೋ ಹತ್ತಿದ್ದಕ್ಕಿಲ್ಲ" ಎಂದು ಕೆಳಗೆ ಸಹಿ ಹಾಕಿದರು.

ಸೈಕಲ್ ತುಳಿದ ಕೂಡಲೇ ಓಡುವುದನ್ನು ಟ್ರಯಥ್ಲಾನಿನವರು 'ಬ್ರಿಕ್' ಎನ್ನುತ್ತಾರೆ; ಆಗ ತೊಡೆಗಳು ಇಟ್ಟಿಗೆಯಷ್ಟೇ ಭಾರವಾಗುವುದರಿಂದ ಹೆಸರು ಹೊಂದುತ್ತದೆ. ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸುವ ಆಸೆಯಿಂದ ಓಟದ ದಿನ ನಸುಕಿನಲ್ಲೇ ಎದ್ದು 20 ಕಿ.ಮೀ. ಸೈಕಲ್ ತುಳಿದು ಓವಲ್ ಮೈದಾನ ತಲುಪಿದೆ. ಬಟ್ಟೆ ಬದಲಿಸಲೆಂದು ಚೀಲ ತೆರೆದಾಗ ಅದರಲ್ಲಿ ಓಟದ ಚಡ್ಡಿಯ ಬದಲು ಮಗಳ ಸಂಗೀತದ ಪುಸ್ತಕವಿತ್ತು. ಸೈಕಲ್ ಚಡ್ಡಿಯಲ್ಲೇ ಓಡದೆ ವಿಧಿಯಿರಲಿಲ್ಲ.

ಈ ಚಡ್ಡಿಯ ಬಗ್ಗೆ ತುಸು ಹೇಳಬೇಕು. ಸೀಟಿನ ಪೆಟ್ಟು ತಾಳಲೆಂದು ಅದರ ತಳಕ್ಕೆ ಬೆರಳು ದಪ್ಪದ ಮೆತ್ತೆ ಹೊಲಿದಿರುತ್ತಾರೆ. ಟ್ರಯಥ್ಲಾನಿನ ಉಡುಪಿನಲ್ಲೂ ಮೆತ್ತೆ ಇರುತ್ತದೆ, ಆದರೆ ಓಡಲು ಅಡ್ಡಿಯಾಗದಷ್ಟು ತೆಳುವಾಗಿ. ನನ್ನದು ತೆಳುವಲ್ಲ. ಆದರೂ ಮೊದಲ ಎಂಟು ಕಿಲೋಮೀಟರ್ ಬಾತುಕೋಳಿಯ ಗತ್ತಿನಲ್ಲಿ ಹೇಗೋ ಸಾಗಿತು. ಒಂಬತ್ತನೆಯದರಲ್ಲಿ ಬಿಸಿಲಿಗೆ ತಲೆ ಕಾದು, ಟಿ.ವಿ.ಯಲ್ಲಿ ಕಂಡ ಓಟಗಾರರಂತೆ ಒಂದು ಬಾಟಲಿ ನೀರನ್ನು ನೆತ್ತಿಗೆ ಸುರಿದುಕೊಂಡೆ. ಆ ನೀರು ಬೆನ್ನಿನಗುಂಟ ಇಳಿದು, ಒಂದು ಹನಿಯೂ ನೆಲಕ್ಕೆ ಬೀಳದಂತೆ, ಮೆತ್ತೆಯನ್ನು ಸೇರಿತು. ಅಲ್ಲಿಂದ ಮುಂದಕ್ಕೆ ಹೆಜ್ಜೆಗೊಮ್ಮೆ 'ಪಚಕ್' ಎಂಬ ಶಬ್ದ ನನ್ನ ಜೊತೆಗೇ ಓಡತೊಡಗಿತು. ಎಡಗೈಯಲ್ಲಿ ಚಡ್ಡಿಯ ಅಂಚು ಹಿಡಿದುಕೊಂಡು, ಬಲಗೈ ಬೀಸುತ್ತ ಮಾನಸಗಂಗೋತ್ರಿ ದಾಟುವಾಗ, ಕಿತ್ತಳೆ ಹೋಳು ಹಂಚುತ್ತಿದ್ದ ಹುಡುಗನೊಬ್ಬ, "ಅಂಕಲ್, ಏನೋ ಸೋರ್ತಿದೆ" ಎಂದು ಸಾರ್ವಜನಿಕವಾಗಿ ಎಚ್ಚರಿಸಿದ. ಅದು ನೀರೆಂದು ಅವನಿಗೆ ವಿವರಿಸಲು ನನಗೆ ಉಸಿರಿರಲಿಲ್ಲ. ಎರಡೂವರೆ ತಾಸಿಗೆ ಓಟ ಮುಗಿಸುವವರಿಗೆ ವೇಗ ತೋರಿಸಲೆಂದು ಬಾವುಟ ಹಿಡಿದು ಓಡುವ ಪೇಸರ್ ಆಗಷ್ಟೇ ನನ್ನನ್ನು ದಾಟಿ, ತಿರುಗಿ ನೋಡದೆ ಹೋಗಿದ್ದ.

2 ತಾಸು 51 ನಿಮಿಷಕ್ಕೆ ಮುಗಿಸಿದೆ. ಪದಕದ ಜೊತೆ ಕೊಟ್ಟ ಉಪ್ಪಿಟ್ಟನ್ನು ಎಲ್ಲರೂ ಹುಲ್ಲಿನ ಮೇಲೆ ಕೂತು ತಿಂದರೆ ನಾನು ನಿಂತೇ ತಿಂದೆ.

ಸಂಜೆ ಪ್ರಮಾಣಪತ್ರ ಹಿಡಿದು ವಸೂಲಿಗೆ ಹೋದೆ. ಮಾವ ಕನ್ನಡಕ ಏರಿಸಿ, "21.0975 ಅಂತಿದೆಯಲ್ಲ, ಇದ್ಯಾವ ಚಿಲ್ಲರೆ?" ಎಂದರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಎದುರಿಗೆ ಮುಗಿದದ್ದನ್ನೂ, ಆ ದೂರವೇ ಮುಂದೆ 42.195 ಕಿ.ಮೀ. ಎಂದು ಖಾಯಮ್ಮಾದದ್ದನ್ನೂ, ಇದು ಅದರ ಸರಿ ಅರ್ಧವೆಂಬುದನ್ನೂ ನಿಂತುಕೊಂಡೇ ವಿವರಿಸಿದೆ.

"ಅಂದರೆ ಇಂಗ್ಲೆಂಡಿನ ರಾಣಿಗೆ ಕಾಣಿಸಲಿ ಅಂತ ನೀನು ತೊಂಬತ್ತೇಳೂವರೆ ಮೀಟರ್ ಜಾಸ್ತಿ ಓಡಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡಲಿ?" ಎಂದು ಕೇಳಿ, ಹಳೆಯ ಕ್ಯಾಲ್ಕುಲೇಟರ್ ತೆಗೆದು ಬಹಳ ಹೊತ್ತು ಗುಂಡಿ ಒತ್ತಿದರು. ಆಮೇಲೆ ಮೊಬೈಲ್ ಕೈಗೆತ್ತಿಕೊಂಡರು. ನನ್ನ ಫೋನ್ ಟಿಂಗೆಂದಿತು: 1054 ರೂಪಾಯಿ 88 ಪೈಸೆ.

"ಕೂತ್ಕೊಳ್ಳೋ, ಯಾಕೆ ಆಗಿನಿಂದ ನಿಂತೇ ಇದ್ದೀಯ?" ಎಂದರು ಮಾವ.