ಕೊಲ್ಲಿಗೊಂದು ಹೆಸರು, ಕೇಳಿದವರಿಗೊಂದು ಹೆಸರು

ಕನ್ನಡದಲ್ಲಿ ಬಳ್ಳಾರಿ ಎಂದೂ ಬಳ್ಳಾರಿಯೇ. ಕೆಟ್ಟಿದ್ದುದು ಇಂಗ್ಲಿಷ್ ಕಾಗುಣಿತ ಮಾತ್ರ. ‘ಬೆಲ್ಲಾರಿ’ಯ ಆ ಒಂದೆರಡು ಅಕ್ಷರಗಳನ್ನು ತಿದ್ದಿಸಲು ಸುವರ್ಣ ಕರ್ನಾಟಕದ ಸಂಭ್ರಮದಲ್ಲಿ ಮೊಳೆತ ಪ್ರಸ್ತಾವವು ದೆಹಲಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು, 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ವಿಳಾಸ ತಪ್ಪಿತ್ತೆಂಬುದು ಈಗ ಹೊಳೆಯುತ್ತಿದೆ. ಅರ್ಜಿಯನ್ನು ನೇರವಾಗಿ ಗೂಗಲ್, ಆ್ಯಪಲ್ ಕಂಪನಿಗಳಿರುವ ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಬೇಕಿತ್ತು.

ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಮೆಕ್ಸಿಕೋ ಕೊಲ್ಲಿಯನ್ನು ‘ಅಮೆರಿಕ ಕೊಲ್ಲಿ’ ಎನ್ನಬೇಕೆಂದು ಆದೇಶಿಸಿದರು. ಫೆಬ್ರುವರಿ 10ಕ್ಕೆ ಗೂಗಲ್ ನಕ್ಷೆ ಬದಲಾಯಿತು, ಆ್ಯಪಲ್ ಅದರ ಬೆನ್ನು ಹಿಡಿಯಿತು. ಸರ್ಕಾರಿ ಪಟ್ಟಿ ಬದಲಾದರೆ ನಕ್ಷೆ ಬದಲಿಸುವುದು ತನ್ನ ಹಳೆಯ ಪದ್ಧತಿ ಎಂಬುದು ಗೂಗಲ್ ಕೊಟ್ಟ ಸಮಜಾಯಿಷಿ. ಅಮೆರಿಕದವರಿಗೆ ಹೊಸ ಹೆಸರು, ಮೆಕ್ಸಿಕೋದವರಿಗೆ ಹಳೆಯದು, ಬಳ್ಳಾರಿಯ ಬಿಸಿಲಲ್ಲಿ ಕುಳಿತು ನೋಡುವ ನಮ್ಮಂಥವರಿಗೆ ಎರಡೂ, ಒಂದು ಆವರಣದೊಳಗೆ. ಹಿಂದೆ ಶಾನುಭೋಗರು ಒಂದೇ ಹೊಲಕ್ಕೆ ಎರಡು ಲೆಕ್ಕ ಬರೆದಿಟ್ಟರೆ ಜಮಾಬಂದಿಯ ದಿನ ಅವರ ಮುಖ ಬಾಡುತ್ತಿತ್ತು. ಒಂದೇ ಸಮುದ್ರಕ್ಕೆ ಮೂರು ಬಗೆಯ ಲೆಕ್ಕವಿಟ್ಟವರ ಷೇರು ಮಾತ್ರ ಬಾಡುವ ಲಕ್ಷಣವಿಲ್ಲ.

ಈ ಕಲೆ ಟ್ರಂಪ್ ಕಾಲದ್ದೇನಲ್ಲ. 2019ರಲ್ಲಿ ರಷ್ಯಾದಲ್ಲಿ ನಿಂತು ಆ್ಯಪಲ್ ನಕ್ಷೆ ತೆರೆದವರಿಗೆ ಉಕ್ರೇನಿನಿಂದ ಕಸಿದುಕೊಂಡ ಕ್ರಿಮಿಯಾ ರಷ್ಯಾದ್ದಾಗಿ ಕಾಣಿಸಿತು. 2021ರ ಸೆಪ್ಟೆಂಬರ್‌ನಲ್ಲಿ ರಷ್ಯಾದಲ್ಲಿ ಮತದಾನ ಆರಂಭವಾದ ದಿನವೇ ಪುಟಿನ್ ವಿರೋಧಿ ನಾಯಕ ನವಾಲ್ನಿಯ ಬೆಂಬಲಿಗರ ಆ್ಯಪ್ ಎರಡೂ ಕಂಪನಿಗಳ ಅಂಗಡಿಯಿಂದ ಮಾಯವಾಯಿತು. ನಾವೂ ನಗುವ ಹಾಗಿಲ್ಲ: ಕಾಶ್ಮೀರದ ಗಡಿ ಭಾರತದೊಳಗೆ ಗಟ್ಟಿ ಗೆರೆ, ಹೊರಗೆ ಹೋದರೆ ಚುಕ್ಕಿ ಗೆರೆ.

ನನಗೆ ಮರುಕ ಹುಟ್ಟುವುದು ನಮ್ಮ ಗಣಿ ಧಣಿಗಳ ಬಗ್ಗೆ. ಕರ್ನಾಟಕ–ಆಂಧ್ರ ಗಡಿಯ ಗುರುತುಗಳು ಅದಿರಿನ ದಿಕ್ಕಿಗೆ ಸರಿದಾಡಿದ ಆ ದಿನಗಳಲ್ಲಿ ಎಷ್ಟು ಯಂತ್ರ, ಎಷ್ಟು ಡೀಸೆಲ್, ಆಮೇಲೆ ಎಷ್ಟು ವಕೀಲರು! ಗಡಿಯನ್ನು ನೋಡುವವನ ಮುಖ ನೋಡಿ ಎಳೆಯಬಹುದೆಂಬ ವಿದ್ಯೆ ಆಗಲೇ ಗೊತ್ತಿದ್ದರೆ ಸಂಡೂರಿನ ಗುಡ್ಡಗಳಿಗೆ ಧೂಳೂ ತಾಗುತ್ತಿರಲಿಲ್ಲ.

ಕಪ್ಪಕಾಣಿಕೆಯ ವಿಷಯದಲ್ಲಿ ಮಾತ್ರ ಈ ನಕ್ಷೆ ಕಂಪನಿಗಳವರು ನಮ್ಮಿಂದಲೇ ಕಲಿತಂತಿದೆ. 2021ರಲ್ಲಿ ನಮ್ಮ ಜಿಲ್ಲೆಯಿಂದ ಪಾಲಾಗಿ ಹೋದ ಹಂಪಿಯಲ್ಲಿ ಮಹಾನವಮಿಗೆ ಸಾಮಂತರು ಕಾಣಿಕೆ ಹೊತ್ತು ಬರುತ್ತಿದ್ದರಂತೆ. 2025ರ ಆಗಸ್ಟ್‌ನಲ್ಲಿ ಆ್ಯಪಲ್‌ನ ಟಿಮ್ ಕುಕ್ 24 ಕ್ಯಾರಟ್ ಚಿನ್ನದ ಪೀಠದ ಮೇಲೆ ಗಾಜಿನ ಫಲಕವನ್ನು ಕೂರಿಸಿ ಶ್ವೇತಭವನಕ್ಕೆ ಒಯ್ದುಕೊಟ್ಟರು. ಆನೆ, ಡೋಲು ಇರಲಿಲ್ಲವೆಂಬುದೊಂದೇ ಕೊರತೆ.

ಇದೆಲ್ಲ ಯೋಚಿಸುತ್ತ ಮೊನ್ನೆ ಆಟೋ ಹತ್ತಿ, ಫೋನಿನಲ್ಲಿದ್ದ ಬದಲಾದ ಹೆಸರನ್ನೇ ಹಿಡಿದು, “ಗಡಗಿ ಚನ್ನಪ್ಪ ವೃತ್ತ” ಎಂದೆ. ಚಾಲಕ ತಿರುಗಿ ನೋಡಿ, “ಅದೆಲ್ಲಿ ಬರ್ತದ್ರೀ, ರಾಯಲ್ ಸರ್ಕಲ್ ಹತ್ರನಾ?” ಎಂದು ಕೇಳಿದ.